ಕಾಕಾನನ್ನು ‘ತಾತಾ’ ಎನ್ನುವ ಮಗು



ಭಾಲ್ಕಿ, ಔರಾದ್ ಕಡೆಯ ಮನೆಗಳಲ್ಲಿ ಎರಡು ವರ್ಷದ ಮಗು ಕಾಕಾನನ್ನು ‘ತಾತಾ’ ಎಂದು ಕರೆದರೆ ಎಲ್ಲರೂ ನಗುತ್ತಾರೆ. ಮೂರು ತುಂಬುವ ಹೊತ್ತಿಗೆ ಆ ನಗು ಒತ್ತಾಯವಾಗುತ್ತದೆ. ‘ಕಾ ಅನ್ನು, ಕಾ ಅನ್ನು’ ಎಂದು ಅವ್ವ, ಆಯಿ, ಮುತ್ಯಾ ಸುತ್ತ ಕೂರುತ್ತಾರೆ. ಮಗು ಒಂದೆರಡು ಸಲ ಅಂದು ನೋಡುತ್ತದೆ, ಆಮೇಲೆ ಬಾಯಿ ಬಿಡುವುದೇ ಇಲ್ಲ. ತಂಗಿ, ನಿನ್ನ ಮಗನನ್ನು ಹಾಗೆ ಪರೀಕ್ಷೆಗೆ ಕೂರಿಸಬೇಡ.

ಸದ್ದುಗಳು ಬಾಯಿಗೆ ಬರುವುದಕ್ಕೆ ಒಂದು ಕ್ರಮವಿದೆ. ಪ, ಬ, ಮ ಮೊದಲು. ಅವು ತುಟಿಯಲ್ಲಿ ಹುಟ್ಟುವುದರಿಂದ ಮಗುವಿನ ಕಣ್ಣಿಗೂ ಕಾಣುತ್ತವೆ. ‘ಕ’ ಹುಟ್ಟುವುದು ನಾಲಿಗೆಯ ಹಿಂಭಾಗ ಅಂಗುಳಕ್ಕೆ ತಾಗಿದಾಗ. ಅದು ಕಾಣದು. ಅದಕ್ಕೇ ಮಗು ಸುಲಭವಾದ ‘ತ’ವನ್ನು ಅಲ್ಲಿಗೆ ತಂದಿಡುತ್ತದೆ. ಸ, ಶ, ರ ಇನ್ನೂ ತಡ. ಮೂರು ವರ್ಷದವಳು ರೊಟ್ಟಿಯನ್ನು ‘ಲೊಟ್ಟಿ’ ಎಂದರೆ ಗಾಬರಿ ಬೇಡ. ಮಹಾಪ್ರಾಣಗಳಂತೂ ದೊಡ್ಡವರ ಬಾಯಲ್ಲೇ ಎಷ್ಟೋ ಸಲ ಅಲ್ಪಪ್ರಾಣವಾಗುತ್ತವೆ. ಅವನ್ನು ಮಗುವಿನಿಂದ ಬಯಸುವುದು ಅನ್ಯಾಯ.

ಹಾಗಾದರೆ ಮನೆಯಲ್ಲಿ ಮಾಡುವುದೇನು? ಹೇಳಿಸುವುದಕ್ಕಿಂತ ಕೇಳಿಸು. ಅವನು ‘ತಾತಾ ಬಂದ’ ಎಂದರೆ ತಪ್ಪೆನ್ನದೆ, ‘ಹೌದು, ಕಾಕಾ ಬಂದ. ಕಾಕಾ ಏನ್ ತಂದಾನ? ಕಾಕಾನ ಕೈಯಾಗ ಏನೈತಿ?’ ಎಂದು ಮಾತು ಮುಂದುವರಿಸು. ಒಂದೇ ಉಸಿರಿನಲ್ಲಿ ಸರಿಯಾದ ‘ಕ’ ಏಳು ಸಲ ಕಿವಿಗೆ ಬೀಳುತ್ತದೆ, ಮಗುವಿಗೆ ಅವಮಾನವೂ ಆಗುವುದಿಲ್ಲ. ಅವನ ಎತ್ತರಕ್ಕೆ ಕೂತು, ನಿನ್ನ ಮುಖ ಅವನಿಗೆ ಕಾಣುವಂತೆ ಮಾತಾಡು. ಸ್ವಲ್ಪ ದೊಡ್ಡವನಾದ ಮೇಲೆ ಒಂದು ತೆಂಗಿನಕಾಯಿ, ಒಂದು ತಾಯಿಯ ಚಿತ್ರ ಮುಂದಿಟ್ಟು ಆಟ ಆಡಿಸು. ‘ಕಾಯಿ’ ಬೇಕಾದಾಗ ‘ತಾಯಿ’ ಎಂದರೆ ಚಿತ್ರವೇ ಕೈಗೆ ಬರುತ್ತದೆ. ಒಂದು ಸದ್ದು ಬದಲಾದರೆ ಸಿಗುವ ವಸ್ತುವೇ ಬದಲಾಗುತ್ತದೆ ಎಂಬುದು ಮಗುವಿಗೆ ಹೊಳೆಯುವುದು ಇಂಥ ಆಟದಲ್ಲಿ. ದಿನಕ್ಕೆ ಐದು ನಿಮಿಷ ಸಾಕು. ರೊಟ್ಟಿ ಬಡಿಯುವಾಗ, ಎಳ್ಳಮಾವಾಸ್ಯೆಗೆ ಭಜ್ಜಿ, ಅಂಬಲಿಯ ಗಡಿಗೆ ಹೊತ್ತು ಹೊಲಕ್ಕೆ ಹೋಗುವಾಗ ಮಾತಿಗೇನು ಬರ?

ಮೊಬೈಲಿನ ಶಿಶುಗೀತೆಯನ್ನು ಇದರ ಜಾಗಕ್ಕೆ ತರಬೇಡ. ಅದು ಮಗುವಿನ ಮಾತಿಗೆ ಉತ್ತರ ಕೊಡದು. ಒಂದು ವರ್ಷದ ಮಕ್ಕಳಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಗಂಟೆ ಮೀರದಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

ನಮ್ಮ ಜಿಲ್ಲೆಯ ತಾಯಂದಿರಿಗೆ ಇನ್ನೊಂದು ಹೆದರಿಕೆ. ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಮರಾಠಿ, ಬೀದರ್ ಪೇಟೆಯಲ್ಲಿ ದಖ್ಖನಿ. ಇಷ್ಟೆಲ್ಲ ಕೇಳಿ ಮಗುವಿಗೆ ಗೊಂದಲವಾಗಿ ಮಾತು ತಡವಾಯಿತೇ? ಇಲ್ಲ. ಹಲವು ಭಾಷೆಗಳ ನಡುವೆ ಬೆಳೆಯುವುದು ಮಾತಿನ ತೊಂದರೆಗೆ ಕಾರಣವಲ್ಲ. ಮಗುವಿನ ಪದಗಳನ್ನು ಎಣಿಸುವುದಾದರೆ ಎಲ್ಲ ಭಾಷೆಯವನ್ನೂ ಸೇರಿಸಿ ಎಣಿಸು. ‘ಮನೆಯಲ್ಲೂ ಇಂಗ್ಲಿಷೇ ಮಾತಾಡಿ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡ. ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಅಂಥ ನೆಲದಲ್ಲಿ, ಯಾರೂ ತಡೆಯದಿರುವಾಗ, ತಾಯಿಯೇ ತನಗೆ ಸಲೀಸಾದ ಮಾತನ್ನು ಮಗುವಿನಿಂದ ಬಚ್ಚಿಡುವುದು ನೋವಿನ ಸಂಗತಿ.

ಬಜೆ ತೇಯ್ದು ನಾಲಿಗೆಗೆ ಹಚ್ಚಿದರೆ ಮಾತು ತಿಳಿಯಾಗುತ್ತದೆಂಬ ನಂಬಿಕೆ ಇನ್ನೂ ಇದೆ. ಉಚ್ಚಾರ ತಿದ್ದುವ ಶಕ್ತಿ ಅದಕ್ಕಿಲ್ಲ. ಅದರ ಜೊತೆಗೆಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪವನ್ನಂತೂ ನೆಕ್ಕಿಸಲೇಬೇಡ, ಅದರಿಂದ ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು.

ಆದರೆ ‘ಅವನಪ್ಪನೂ ತಡವಾಗಿ ಮಾತಾಡಿದ್ದ’ ಎಂದು ಕೂರಬಾರದ ಸಂದರ್ಭಗಳಿವೆ. ಹಿಂದಿನಿಂದ ಕರೆದರೆ ತಿರುಗದ ಮಗು, ಒಂದೂವರೆ ವರ್ಷವಾದರೂ ಒಂದು ಪದವಾಡದ ಮಗು, ಎರಡು ತುಂಬಿದರೂ ‘ಅವ್ವ ಬಾ’ ಎಂಬಂತೆ ಎರಡು ಪದ ಜೋಡಿಸದ ಮಗು, ಮೂರು ವರ್ಷಕ್ಕೂ ಮನೆಯವರಿಗೇ ಮಾತು ತಿಳಿಯದ ಮಗು, ಬಂದ ಮಾತನ್ನು ಕಳೆದುಕೊಂಡ ಮಗು, ಇವರಿಗೆಲ್ಲ ಮೊದಲು ಆಗಬೇಕಾದದ್ದು ಕಿವಿಯ ಪರೀಕ್ಷೆ. ಪದೇಪದೇ ಕಿವಿ ಸೋರಿದರೂ ಕೇಳಿಸುವುದು ಮಂದವಾಗುತ್ತದೆ. ಸೋದರಮಾವ, ಅತ್ತೆಮಗನಂಥ ಹತ್ತಿರದ ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಹುಟ್ಟುಕಿವುಡಿನ ಸಾಧ್ಯತೆ ಹೆಚ್ಚು. ಕೇಳದ ಸದ್ದನ್ನು ಮಗು ಆಡುವುದಾದರೂ ಹೇಗೆ?

ಇಂಥ ಪರೀಕ್ಷೆಗಾಗಿ ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಆದರೆ ಅದು ನಮಗೆ ರಾಜ್ಯದ ಇನ್ನೊಂದು ತುದಿ. ಮೊದಲ ಬಾಗಿಲು ನಿಮ್ಮೂರ ಅಂಗನವಾಡಿಯೇ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆರಡು ಸಲ ಅಂಗನವಾಡಿ ಮಕ್ಕಳನ್ನು ತಪಾಸಣೆ ಮಾಡಬೇಕು. ಕೇಳುವ ದೋಷ, ಮಾತಿನ ವಿಳಂಬ ಎರಡೂ ಅವರ ಪಟ್ಟಿಯಲ್ಲಿವೆ. ತಂಡ ಬರುವ ದಿನವನ್ನು ಕಾರ್ಯಕರ್ತೆಯಿಂದ ಮೊದಲೇ ತಿಳಿದುಕೋ. ಅನುಮಾನ ಬಲವಾಗಿದ್ದರೆ ಆ ದಿನಕ್ಕೂ ಕಾಯದೆ ಬೀದರಿನ ಬ್ರಿಮ್ಸ್ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗಕ್ಕೆ ಮಗುವನ್ನು ಈ ವಾರವೇ ಕರೆದುಕೊಂಡು ಹೋಗು.