ಗಾಳದ ಕೋಲಿಗೊಂದು ಊರೆಗೋಲು

ಮೈಸೂರಿನ ಸುತ್ತಮುತ್ತ ಕೆರೆಗಳಿಗೂ ಕಾಲುವೆಗಳಿಗೂ ಕೊರತೆಯಿಲ್ಲ. ಸಂಜೆಯ ಹೊತ್ತು ಊರ ಹೊರಗಿನ ಯಾವುದಾದರೊಂದು ಏರಿಯ ಮೇಲೆ ನಡೆದು ಹೋದರೆ, ಬಿದಿರಿನ ಕೋಲನ್ನು ಹಿಡಿದು, ನೀರಿನ ಮೇಲಣ ಬೆಂಡನ್ನೇ ದಿಟ್ಟಿಸುತ್ತ ಕುಳಿತವರು ಒಬ್ಬಿಬ್ಬರಾದರೂ ಕಾಣಸಿಗುವರು. ಗಂಟೆಗಟ್ಟಲೆ ಕೋಲನ್ನು ಹಿಡಿದಿರುವುದು ಕೈಗೆ ಆಯಾಸ. ಆದುದರಿಂದ ದಡದಲ್ಲಿ ಎರಡು ಕವೆಗೋಲುಗಳನ್ನು ನೆಟ್ಟು, ಅವುಗಳ ಮೇಲೆ ಗಾಳದ ಕೋಲನ್ನು ಇರಿಸುವುದುಂಟು. ಈ ಊರೆಗೋಲು ನೋಡುವುದಕ್ಕೆ ಬಲು ಸರಳವಾದುದು. ಆದರೆ ಅದನ್ನು ಸರಿಯಾಗಿ ಮಾಡಬೇಕಾದರೆ ಸನ್ನೆಯ ತತ್ತ್ವವನ್ನು ಅರಿತಿರಬೇಕು.

ಇದು ನಮಗೆ ಮನದಟ್ಟಾದುದು ನಮ್ಮದೇ ಒಂದು ತಪ್ಪಿನಿಂದ. ಒಂದು ರಜಾದಿನ ಇಬ್ಬರು ವಿದ್ಯಾರ್ಥಿಗಳೊಡನೆ ಕೆರೆಯ ದಡದಲ್ಲಿ ಕುಳಿತಿದ್ದೆವು. ಎರಡು ಕವೆಗಳ ಮೇಲೆ ಕೋಲು ಅಲುಗದೆ ನಿಂತಿತ್ತು. ಇದ್ದಕ್ಕಿದ್ದಂತೆ ಅದರ ಬುಡ ಮೇಲಕ್ಕೆ ಚಿಮ್ಮಿತು. ಕೋಲು ಕವೆಯಿಂದ ಜಾರಿ ನೀರಿಗೆ ಬಿದ್ದಿತು. ವಿದ್ಯಾರ್ಥಿಗಳಲ್ಲೊಬ್ಬನು ಅದನ್ನು ಹಿಡಿಯಲೆಂದು ಕೆರೆಗಿಳಿದೇಬಿಟ್ಟನು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಸೊಂಟದವರೆಗೆ ಕೆಸರಿನಲ್ಲಿ ಹೂತುಹೋದನು. ಮೇಲುಹೊದಿಕೆಯನ್ನು ಎಸೆದು ಅವನನ್ನು ದಡಕ್ಕೆ ಎಳೆದುಕೊಳ್ಳುವಷ್ಟರಲ್ಲಿ ನಮ್ಮ ಎದೆ ನಡುಗಿತ್ತು. ಅಲುಗದೆ ನಿಂತಿದ್ದ ಕೋಲು ಒಂದು ಸಣ್ಣ ಮೀನಿಗೆ ಸೋತುದೇಕೆ? ಮನೆಗೆ ಬಂದ ಮೇಲೆ ಕಾಗದ ಹಿಡಿದು ಲೆಕ್ಕ ಹಾಕಿದೆವು.

ಏತ, ತಕ್ಕಡಿ, ಮಕ್ಕಳ ಏರಿಳಿಯುವ ಹಲಗೆ, ಇವೆಲ್ಲವೂ ಸನ್ನೆಗಳೇ. ಸನ್ನೆಯ ನಿಯಮವನ್ನು ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿಯೇ ಆರ್ಕಿಮಿಡೀಸನು ತೋರಿಸಿಕೊಟ್ಟಿದ್ದನು. ಒಂದು ಬಲವು ಆನಿಕೆಯ ಸುತ್ತ ಸನ್ನೆಯನ್ನು ಎಷ್ಟರಮಟ್ಟಿಗೆ ತಿರುಗಿಸಬಲ್ಲುದೆಂಬುದು ಎರಡು ಸಂಗತಿಗಳನ್ನು ಅವಲಂಬಿಸಿದೆ: ಬಲದ ಪ್ರಮಾಣ, ಆನಿಕೆಯಿಂದ ಅದಕ್ಕಿರುವ ದೂರ. ಇವೆರಡರ ಗುಣಲಬ್ಧವನ್ನು ಬಲದ ಭ್ರಾಮಕವೆನ್ನುವರು. ಎರಡು ಕಡೆಯ ಭ್ರಾಮಕಗಳು ಸಮನಾಗಿದ್ದರೆ ಸನ್ನೆ ಸಮತೋಲದಲ್ಲಿರುತ್ತದೆ.

ಇನ್ನು ನಮ್ಮ ಕೋಲನ್ನು ನೋಡೋಣ. ಅದರ ಉದ್ದ 3 ಮೀಟರು, ತೂಕ 500 ಗ್ರಾಮು. ಬಿದಿರು ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ; ಆದುದರಿಂದ ಅದರ ಗುರುತ್ವಕೇಂದ್ರ ನಟ್ಟನಡುವೆ ಇರದೆ, ಬುಡದಿಂದ 1.2 ಮೀಟರು ದೂರದಲ್ಲಿತ್ತು. ಕೋಲನ್ನು ಒಂದು ಬೆರಳಿನ ಮೇಲೆ ತೂಗಿಸಿ ಈ ಬಿಂದುವನ್ನು ಯಾರು ಬೇಕಾದರೂ ಕಂಡುಕೊಳ್ಳಬಹುದು. ಹಿಂದಿನ ಕವೆ ಬುಡದಿಂದ 0.1 ಮೀಟರಿನಲ್ಲಿಯೂ ಮುಂದಿನ ಕವೆ 1.3 ಮೀಟರಿನಲ್ಲಿಯೂ ಇದ್ದುವು. ಗುರುತ್ವಕೇಂದ್ರ ಎರಡು ಕವೆಗಳ ನಡುವೆ ಇದ್ದುದರಿಂದ ಕೋಲು ತಾನಾಗಿಯೇ ನಿಂತಿತು. ನಾವೂ ನೆಮ್ಮದಿಯಿಂದ ಕುಳಿತೆವು.

ಈಗ ಮುಂದಿನ ಕವೆಯೇ ಆನಿಕೆಯೆಂದು ಭಾವಿಸೋಣ. ಬುಡವನ್ನು ಕೆಳಗೊತ್ತುವ ಭ್ರಾಮಕವು ಕೋಲಿನ ತೂಕದಿಂದ ಬಂದುದು: 500 × 0.1 = 50. ಕೋಲಿನ ತುದಿಯಾದರೋ ಆನಿಕೆಯಿಂದ 1.7 ಮೀಟರು ದೂರದಲ್ಲಿದೆ. ಆದುದರಿಂದ 50 ÷ 1.7, ಎಂದರೆ ಸುಮಾರು 29.4 ಗ್ರಾಮು ತೂಕದಷ್ಟು ಎಳೆತ ತುದಿಯಲ್ಲಿ ಬಿದ್ದರೆ ಸಾಕು, ಸಮತೋಲ ಅಂಚಿಗೆ ಬರುತ್ತದೆ. ಅದಕ್ಕಿಂತ ತುಸು ಹೆಚ್ಚಾದರೂ ಬುಡ ಮೇಲೇಳುತ್ತದೆ! ಅಂಗೈಯಗಲದ ಜಿಲೇಬಿ ಮೀನು ಕೂಡ ಇಷ್ಟು ಎಳೆಯಬಲ್ಲುದು. ಸುಮ್ಮನೆ ನಿಂತ ಕೋಲು ಭದ್ರವಾಗಿದೆಯೆಂದು ನಂಬಿದುದೇ ನಮ್ಮ ತಪ್ಪು.

ಮನೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ಹತ್ತು ರೂಪಾಯಿಯ ಲೋಹದ ನಾಣ್ಯವು ಸುಮಾರು 7.7 ಗ್ರಾಮು ತೂಗುತ್ತದೆ. ಇದೇ ಅಳತೆಯ ಕೋಲನ್ನು ಎರಡು ಆಸರೆಗಳ ಮೇಲೆ ಇಟ್ಟು, ತುದಿಗೆ ಹಗುರವಾದ ಕಾಗದದ ಚೀಲವೊಂದನ್ನು ಕಟ್ಟಿ, ನಾಣ್ಯಗಳನ್ನು ಒಂದೊಂದಾಗಿ ಹಾಕಿರಿ. ಮೂರು ನಾಣ್ಯಗಳಿಗೆ ಕೋಲು ನಿಲ್ಲುವುದು. ನಾಲ್ಕನೆಯದಕ್ಕೆ ಬುಡ ಏಳುವುದು. ಚೀಲವು ಏಳೆಂಟು ಗ್ರಾಮು ತೂಗಿದರೆ ಮೂರನೆಯದಕ್ಕೇ ಏಳಬಹುದು. ಲೆಕ್ಕದಲ್ಲಿ ಅದನ್ನೂ ಸೇರಿಸಿಕೊಳ್ಳಿರಿ.

ಹಾಗಾದರೆ ಪರಿಹಾರವೇನು? ಮೊದಲನೆಯದು, ಕವೆಗಳ ನಡುವಣ ಅಂತರವನ್ನು ಹೆಚ್ಚಿಸುವುದು. ಮುಂದಿನ ಕವೆಯನ್ನು ಬುಡದಿಂದ 1.6 ಮೀಟರಿಗೆ ಸರಿಸಿದರೆ, ತೂಕದ ಭ್ರಾಮಕ 500 × 0.4 = 200; ತುದಿಯ ದೂರ 1.4 ಮೀಟರು. ಈಗ ಬುಡ ಏಳಬೇಕಾದರೆ ಸುಮಾರು 143 ಗ್ರಾಮಿನ ಎಳೆತ ಬೇಕು. ಹಿಂದಿಗಿಂತ ಇದು ಸುಮಾರು ಐದರಷ್ಟು. ಆದರೂ ಒಳ್ಳೆಯ ಗೆಂಡೆ ಮೀನಿಗೆ ಇದೇನೂ ದೊಡ್ಡದಲ್ಲ.

ಆದುದರಿಂದ ಎರಡನೆಯದಾಗಿ, ಹಿಂದಿನ ಆಸರೆಯು ಬುಡವನ್ನು ಹೊರುವುದರ ಬದಲು ಕೆಳಕ್ಕೆ ಅದುಮಿ ಹಿಡಿಯುವಂತಿರಬೇಕು. ತುದಿಯಲ್ಲಿ 1 ಕಿಲೋಗ್ರಾಮಿನ ಎಳೆತವಿದ್ದರೆ, ಅದರ ಭ್ರಾಮಕ 1000 × 1.4 = 1400. ತೂಕದ 200ನ್ನು ಕಳೆದರೆ 1200 ಉಳಿಯಿತು. ಅದನ್ನು ಕವೆಗಳ ನಡುವಣ 1.5 ಮೀಟರಿನಿಂದ ಭಾಗಿಸಿದರೆ 800 ಗ್ರಾಮು. ಹಿಂದಿನ ಗೂಟವನ್ನು ಈ ಬಲವು ಮೇಲಕ್ಕೆ ಕೀಳಲು ನೋಡುತ್ತದೆ. ಮುಂದಿನ ಕವೆಯ ಮೇಲೆ ಬೀಳುವ ಭಾರ 500 + 1000 + 800 = 2300 ಗ್ರಾಮು. ಹಿಂದಿನದು ಕಿತ್ತುಬರಬಾರದು, ಮುಂದಿನದು ಹೂತುಹೋಗಬಾರದು. ಬಿದಿರು ಬಾಗುವುದರಿಂದ ತುದಿಯ ದೂರ ಕೊಂಚ ಕಡಮೆಯಾಗಿ, ನಿಜವಾದ ಬಲಗಳು ಈ ಲೆಕ್ಕಕ್ಕಿಂತ ತುಸು ಕಡಮೆಯೇ ಇರುವುವು.

ಈಗ ಊರೆಗೋಲನ್ನು ಮಾಡೋಣ. ಸೀಬೆಯ ಮರದ ಒಣಗಿದ ಕವಲುಕೊಂಬೆಗಳು ಇದಕ್ಕೆ ಬಲು ಚೆನ್ನಾಗಿರುತ್ತವೆ. ಮುಂದಿನ ಕವೆಗೆ 75 ಸೆಂಟಿಮೀಟರು ಉದ್ದದ ಕೊಂಬೆಯನ್ನು ಆರಿಸಿ, ಕೆಳತುದಿಯನ್ನು ಚೂಪು ಮಾಡಿ, 30 ಸೆಂಟಿಮೀಟರು ಆಳಕ್ಕೆ ನೆಡಬೇಕು. ನೆಲ ಮೆತ್ತಗಿದ್ದರೆ ಮಣ್ಣಿನ ಮಟ್ಟಕ್ಕೆ ಸರಿಯಾಗಿ ಒಂದು ಅಡ್ಡಪಟ್ಟಿಯನ್ನು ಕಟ್ಟಿದರೆ ಹೂಳದು. ಹಿಂದಿನದಕ್ಕೆ ಸುಮಾರು 60 ಸೆಂಟಿಮೀಟರು ಉದ್ದದ, ಕೊಕ್ಕೆಯಂಥ ಕವಲುಳ್ಳ ಕೊಂಬೆ ಬೇಕು. ಕವಲು ಕೆಳಮುಖವಾಗುವಂತೆ ಅದನ್ನು ನೆಟ್ಟು, ಕೋಲಿನ ಬುಡವನ್ನು ಕೊಕ್ಕೆಯ ಅಡಿಗೆ ಸೇರಿಸಬೇಕು. ಗೂಟವನ್ನು ನೇರವಾಗಿ ನೆಡದೆ, ಅದರ ತಲೆ ನೀರಿನಿಂದ ಹಿಂದಕ್ಕೆ ವಾಲುವಂತೆ ಓರೆಯಾಗಿ ನೆಟ್ಟರೆ, ಮೇಲಣ ಎಳೆತ ಗೂಟದ ಉದ್ದಕ್ಕೆ ನೇರವಾಗಿ ಬೀಳದೆ ಮಣ್ಣಿನ ಹಿಡಿತ ಹೆಚ್ಚುತ್ತದೆ.

ಮೂರನೆಯದೊಂದು ಉಂಟು. ಮೀನು ಕೆಳಕ್ಕೆ ಮಾತ್ರವಲ್ಲದೆ ಮುಂದಕ್ಕೂ ಎಳೆಯುತ್ತದೆ. ಕೊಕ್ಕೆ ಬುಡವನ್ನು ಏಳಗೊಡದು, ಜಾರುವುದನ್ನು ತಡೆಯಲಾರದು. ಆದುದರಿಂದ ಬುಡಕ್ಕೆ ಒಂದು ಗಟ್ಟಿಯಾದ ಹುರಿಯನ್ನು ಬಿಗಿದು, ಅದರ ಇನ್ನೊಂದು ತುದಿಯನ್ನು ಬೇರೊಂದು ಗೂಟಕ್ಕೆ ಕಟ್ಟಲೇಬೇಕು. ಎಲ್ಲ ಮುಗಿದ ಮೇಲೆ ಅರ್ಧ ಲೀಟರು ನೀರಿನ ಬಾಟಲಿಯನ್ನು ತುದಿಗೆ ತೂಗುಹಾಕಿ ಪರೀಕ್ಷಿಸಿರಿ.

ಇಂಥ ಊರೆಗೋಲು ಸಣ್ಣ ಮೀನುಗಳಿಗೆ ತಕ್ಕುದು. ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಅವರು 1946ರಲ್ಲಿ ಕಬಿನಿ ನದಿಯಲ್ಲಿ ಗಾಳದಿಂದ ಹಿಡಿದ ಮಹಸೀರ್ ಮೀನು 120 ಪೌಂಡು, ಎಂದರೆ ಸುಮಾರು 54 ಕಿಲೋಗ್ರಾಮು ತೂಗಿತ್ತು. ಅಂಥ ಮೀನಿನ ಸೆಳೆತಕ್ಕೆ ಸೀಬೆಯ ಕವೆ ಎಲ್ಲಿಯದು? ಕಾವೇರಿಯ ಆ ಡುಬ್ಬದ ಮಹಸೀರ್ ಈಗ ಅಳಿವಿನ ಅಂಚಿನಲ್ಲಿದೆ. ಅದನ್ನು ನೀರಿನಲ್ಲಿಯೇ ಬಿಡುವುದು ನಮ್ಮ ಕರ್ತವ್ಯ. ಅನುಮತಿಯಿರುವ ಕೆರೆಗಳಲ್ಲಿ ಮಾತ್ರ ಗಾಳ ಹಾಕಬೇಕು. ರಂಗನತಿಟ್ಟಿನಂಥ ಪಕ್ಷಿಧಾಮಗಳ ಕಡೆಗೆ ಸುಳಿಯಬಾರದು. ನೀರಿಗೆ ಬಿದ್ದ ಕೋಲಿನ ನೈಲಾನ್ ದಾರವು ನೀರುಹಕ್ಕಿಗಳ ಕಾಲಿಗೆ ಉರುಳಾಗಬಲ್ಲುದು. ಹುರಿಯನ್ನು ಮರೆಯಬಾರದೆಂಬುದಕ್ಕೆ ಇದೂ ಒಂದು ಕಾರಣ.

ಇಷ್ಟೆಲ್ಲ ಮಾಡಿಯೂ ಕೋಲು ಒಮ್ಮೆ ಜಾರಿಹೋಗಬಹುದು. ಹೋದರೆ ಹೋಗಲಿ, ಅದರ ಹಿಂದೆ ನೀರಿಗಿಳಿಯಬೇಡಿರಿ. ಬಿದಿರು ತೇಲುತ್ತದೆ, ಕೆಸರು ಹಿಡಿದವನನ್ನು ಬಿಡದು. ನಮ್ಮ ವಿದ್ಯಾರ್ಥಿಯು ಈಗಲೂ ಗಾಳ ಹಾಕುತ್ತಾನೆ. ಆದರೆ ಮೊದಲು ಹುರಿಯನ್ನು ಕಟ್ಟುತ್ತಾನೆ, ಆಮೇಲೆ ಎರೆಹುಳುವನ್ನು ಚುಚ್ಚುತ್ತಾನೆ.