ಚೆಂಡನ್ನು ಹೊಡೆಯಬೇಡಿ, ಬರಮಾಡಿಕೊಳ್ಳಿ

ಉತ್ತರ ಅಮೆರಿಕದ ಮೂಲನಿವಾಸಿಗಳ ಆಟ ಲಕ್ರಾಸ್ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಮರಳುತ್ತಿದೆ. ಕಲಿಯುವ ಮನಸ್ಸಾಗಿದ್ದರೆ ಒಂದು ಮಾತು ಕೇಳಿ. ಕ್ರಿಕೆಟ್, ಬ್ಯಾಡ್ಮಿಂಟನ್ ಆಡಿ ಪಳಗಿದ ಕೈ, ಚೆಂಡು ಕಂಡೊಡನೆ ಬೀಸಲು ಹೋಗುತ್ತದೆ. ಇಲ್ಲಿ ಅದೇ ತಪ್ಪು. ಕೋಲಿನ ತುದಿಯ ಬಲೆಯನ್ನು ಮುಖದ ಪಕ್ಕಕ್ಕೆ ಎತ್ತಿ ಹಿಡಿಯಿರಿ. ಚೆಂಡು ತಾಗುವ ಹೊತ್ತಿಗೆ ಬಲೆಯನ್ನೂ ಅದರ ಜೊತೆಗೇ ತುಸು ಹಿಂದಕ್ಕೆ ಬಿಡಿ. ಮೇಲಿನ ಕೈಯ ಹಿಡಿತ ಸಡಿಲವಿರಲಿ. ಎಸೆಯುವಾಗ ತೋಳಿನ ಬಲವನ್ನಷ್ಟೇ ನೆಚ್ಚಬೇಡಿ. ಮೇಲಿನ ಕೈಯಿಂದ ತಳ್ಳಿ, ಕೆಳಗಿನ ಕೈಯಿಂದ ಎಳೆಯಿರಿ. ಜೊತೆಗಾರರು ಸಿಗದ ದಿನ ಗೋಡೆಗೆ ಎಸೆದು ಹಿಡಿಯಿರಿ, ಎಡಕ್ಕೂ ಬಲಕ್ಕೂ ಕೈ ಬದಲಿಸುತ್ತಾ. ಚೆಂಡು ಗಟ್ಟಿ ರಬ್ಬರಿನದು, ಮಕ್ಕಳಿಗೆ ಮೊದಮೊದಲು ಟೆನಿಸ್ ಚೆಂಡೇ ಸಾಕು. ಅಂದ ಹಾಗೆ, ಕಿಟಕಿಯಿಲ್ಲದ ಗೋಡೆಯನ್ನೇ ಆರಿಸಿಕೊಳ್ಳಿ!