ತಿಳಿನೀರೆಲ್ಲ ಶುದ್ಧನೀರಲ್ಲ: ಮನೆಯಂಗಳದಲ್ಲಿ ಮಕ್ಕಳಿಗೆ ವಿಜ್ಞಾನ ಪಾಠ

ಕುಷ್ಟಗಿ, ಯಲಬುರ್ಗಾ ಭಾಗದ ಅನೇಕ ಗ್ರಾಮಗಳು ಕುಡಿಯುವ ನೀರಿಗೆ ಬಹುಕಾಲದಿಂದ ಕೊಳವೆಬಾವಿಯನ್ನೇ ನಂಬಿವೆ. ಈ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಅಧಿಕವಾಗಿರುವುದು ಕೊಪ್ಪಳ ಜಿಲ್ಲೆಯ ಹಳೆಯ ಸಮಸ್ಯೆ. ನೀರಿನಲ್ಲಿ ಕರಗಿದ ಫ್ಲೋರೈಡ್ ಕಣ್ಣಿಗೆ ಕಾಣುವುದಿಲ್ಲ, ವಾಸನೆಯಿಂದಲೂ ತಿಳಿಯುವುದಿಲ್ಲ. ಸುಮಾರು 8 ವರ್ಷದೊಳಗಿನ ಮಕ್ಕಳಲ್ಲಿ ಶಾಶ್ವತ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುತ್ತಿರುತ್ತವೆ. ಆಗ ಅದು ಅತಿಯಾಗಿ ದೇಹ ಸೇರಿದರೆ ಹಲ್ಲಿನ ಮೇಲೆ ಮೂಡುವ ಕಲೆ ತಾನಾಗಿ ಮಾಯುವುದಿಲ್ಲ. ಆದ್ದರಿಂದ ಇಲ್ಲಿಯ ಮಕ್ಕಳ ಮೊದಲ ವಿಜ್ಞಾನ ಪಾಠ ನೀರಿನಿಂದಲೇ ಆರಂಭವಾಗುವುದು ಸೂಕ್ತ. ಅದಕ್ಕೆ ಪ್ರಯೋಗಾಲಯ ಬೇಕಿಲ್ಲ. ಅಡುಗೆಮನೆಯ ಪಾತ್ರೆಗಳು ಸಾಕು.

ಪ್ರಯೋಗ 1: ಎರಡು ಲೋಟಗಳಲ್ಲಿ ಕುಡಿಯುವ ನೀರು ತೆಗೆದುಕೊಂಡು, ಒಂದಕ್ಕೆ ಒಂದು ಚಮಚ ಮಣ್ಣು, ಇನ್ನೊಂದಕ್ಕೆ ಅರ್ಧ ಚಮಚ ಉಪ್ಪು ಹಾಕಿ ಕಲಕಬೇಕು. ಎರಡನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಸೋಸಬೇಕು. ಗಂಗಾವತಿ ಭಾಗದಲ್ಲಿ ಕಾಲುವೆಯ ಕೆಂಪು ನೀರು ಕಂಡ ಮಕ್ಕಳಿಗೆ ಮೊದಲ ಲೋಟ ಪರಿಚಿತವೇ. ಅದರ ಮಣ್ಣು ಬಹುಪಾಲು ಬಟ್ಟೆಯಲ್ಲಿ ಉಳಿಯುತ್ತದೆ. ಎರಡನೆಯ ಲೋಟದ ನೀರನ್ನು ಮಾತ್ರ ನಾಲಿಗೆಗೆ ತಾಗಿಸಿದರೆ ಉಪ್ಪು ಹಾಗೆಯೇ ಇದೆ. ಕರಗಿದ್ದನ್ನು ಬಟ್ಟೆ ತಡೆಯದು ಎಂಬುದು ಮಗುವಿಗೆ ತಾನಾಗಿ ತಿಳಿಯುತ್ತದೆ.

ಪ್ರಯೋಗ 2: ಎರಡು ಸ್ಟೀಲ್ ತಟ್ಟೆಗಳಲ್ಲಿ ಸಮನಾಗಿ ನಾಲ್ಕು ಚಮಚ ಕೊಳವೆಬಾವಿಯ ನೀರು ಹಾಗೂ ನಾಲ್ಕು ಚಮಚ ನೇರವಾಗಿ ಹಿಡಿದ ಮಳೆನೀರು ಹಾಕಿ ಬಿಸಿಲಿನಲ್ಲಿಡಬೇಕು. ನೀರು ಆರಿದ ಮೇಲೆ ಸಾಮಾನ್ಯವಾಗಿ ಮೊದಲ ತಟ್ಟೆಯಲ್ಲಿ ಬಿಳಿ ಕಲೆ ಎದ್ದು ಕಾಣುತ್ತದೆ. ನೀರು ಆವಿಯಾಯಿತು, ಕರಗಿದ್ದ ಲವಣ ಉಳಿಯಿತು. ಕುದಿಸಿದಾಗಲೂ ಹೀಗೆಯೇ ಆಗುತ್ತದೆ: ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ.

ಒಂದು ಎಚ್ಚರಿಕೆ: ಈ ಬಿಳಿ ಕಲೆಯೇ ಫ್ಲೋರೈಡ್ ಎಂದು ಭಾವಿಸಬಾರದು, ಕಲೆ ಕಾಣದಿದ್ದರೆ ನೀರು ಸುರಕ್ಷಿತವೆಂದೂ ಅಲ್ಲ. ಫ್ಲೋರೈಡ್ ಪ್ರಮಾಣವನ್ನು ಪರೀಕ್ಷಾ ಕಿಟ್ ಅಥವಾ ಪ್ರಯೋಗಾಲಯ ಮಾತ್ರ ತಿಳಿಸಬಲ್ಲದು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿ. ಬೇರೆ ಜಲಮೂಲ ಇಲ್ಲದಿದ್ದಲ್ಲಿ ಗರಿಷ್ಠ 1.5 ಮಿಲಿಗ್ರಾಂ.

ಪಾಲಕರು ಉತ್ತರವನ್ನು ಮೊದಲೇ ಹೇಳಬಾರದು. "ಏನಾಗಬಹುದು?" ಎಂದು ಕೇಳಿ, ಮಗು ಊಹಿಸಿದ ಮೇಲೆ ಪ್ರಯೋಗ ಮಾಡಿಸಿ, "ಯಾಕೆ ಹೀಗಾಯಿತು?" ಎಂದು ಕೇಳಬೇಕು. ಊಹೆ ತಪ್ಪಿದರೆ ನಗಬಾರದು. ಕಲಿಕೆ ಆರಂಭವಾಗುವುದೇ ಅಲ್ಲಿ.

ಸದಸ್ಯರು ತಮ್ಮ ವಾರ್ಡಿನ ಅಂಗನವಾಡಿ ಹಾಗೂ ಗ್ರಂಥಾಲಯದಲ್ಲಿ ಈ ಪ್ರಯೋಗಗಳನ್ನು ಒಮ್ಮೆ ಮಾಡಿಸಿದರೆ ಮಕ್ಕಳು ಮನೆಯಲ್ಲಿ ಮುಂದುವರಿಸುತ್ತಾರೆ. ಜಲಜೀವನ್ ಮಿಷನ್ ಅಡಿ ಪ್ರತಿ ಗ್ರಾಮದ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ನೀಡಲು ಅವಕಾಶವಿದೆ. ಅವರಿಂದ ಮಕ್ಕಳೆದುರೇ ಪರೀಕ್ಷೆ ಮಾಡಿಸಬಹುದು.

ಇದನ್ನು ಕಲಿತ ಮಗು ಮುಂದಿನ ಮಕ್ಕಳ ಗ್ರಾಮ ಸಭೆಯಲ್ಲಿ ಎದ್ದು ನಿಂತು, "ನಮ್ಮ ಓಣಿಯ ನೀರು ಪರೀಕ್ಷೆ ಆಗಿದೆಯೇ?" ಎಂದು ಕೇಳಬಹುದು. ಆಗ ಸದಸ್ಯರ ಕೈಯಲ್ಲಿ ದಿನಾಂಕ ಸಹಿತ ವರದಿ ಇರಬೇಕು.